ಗಾಳಿ ಬಂದಾಗ ಜಗ್ಗಿಕೋ

ಆಲಮಟ್ಟಿ ಹಿನ್ನೀರಿನ ಹಾಯಿದೋಣಿ ಪಂದ್ಯದಲ್ಲಿ ನಾವು ನಾಲ್ಕನೆಯವರಾಗಿ ಬಂದೆವು. ಮಾಮಾ ಊರಲ್ಲಿ ಹೇಳಿಕೊಳ್ಳುವುದು ಇಷ್ಟು. ಇದ್ದದ್ದೇ ನಾಲ್ಕು ದೋಣಿ ಅನ್ನುವುದನ್ನು ಸೇರಿಸುವ ಕೆಲಸ ಅತ್ತಿಯದು.

ಮಾಮಾ ನೌಕಾದಳದಲ್ಲಿ ಇಪ್ಪತ್ತು ವರ್ಷ ಸ್ಟೋರಿನ ಲೆಕ್ಕ ಬರೆದು ನಿವೃತ್ತನಾದವನು. ಬಾಗಲಕೋಟೆಗೆ ವಾಪಸಾಗುವಾಗ ಉಳಿದವರು ಫ್ರಿಜ್ಜು, ಸೋಫಾ ತರುತ್ತಾರೆ; ಇವನು ಲಾರಿಯ ಮೇಲೆ ಹಳೆಯದೊಂದು ಎಂಟರ್‌ಪ್ರೈಸ್ ದೋಣಿ ಹೇರಿಕೊಂಡು ನವನಗರಕ್ಕೆ ಬಂದಿಳಿದ. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ರೂಪಿಸಿದ ಮಾದರಿ, ಉದ್ದ 4 ಮೀಟರಿಗೆ ಒಂಚೂರು ಮೇಲೆ, ಕೂರುವವರು ಇಬ್ಬರು, ಹಾಯಿ ಎರಡು, ಎರಡೂ ನೀಲಿ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ಬಂದವರ ಕಣ್ಣಿಗೆ ಅದು ತಾಡಪತ್ರಿ. "ಶೇಂಗಾ ಒಣಾ ಹಾಕಾಕ ಛಲೋ ಆಗ್ತೈತ್ರಿ" ಎಂದು ಒಬ್ಬರು ರೇಟು ಕೂಡ ಕೇಳಿದ್ದರು.

ಕ್ಲಬ್ಬು ಅಂದರೆ ಮಾಮಾನಂಥವರೇ ಇನ್ನು ಮೂವರು, ಒಂದು ಶಿಳ್ಳೆ, ಒಂದು ಥರ್ಮಾಸು. ಡಿಸೆಂಬರಿನ ಒಂದು ಭಾನುವಾರ ಪಂದ್ಯ ಇಟ್ಟುಕೊಂಡರು. ಮಾಮಾನ ದೋಣಿಗೆ ಕ್ರೂ ಬೇಕಿತ್ತು.

"ನನಗ ಈಜಾಕ ಬರ್ತೈತಿ, ದೋಣಿ ಬರಂಗಿಲ್ಲ ಮಾಮಾ" ಅಂದೆ.

"ನಿಂದು ತೂಕ ಎಷ್ಟು?"

"ಎಂಬತ್ತಾರು ಕಿಲೋ."

"ಸಾಕು. ಬಾ."

ಕ್ರೂ ಆದವನು ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿಯಬೇಕು, ದೋಣಿ ವಾಲಿದರೆ ಎದುರಿನ ಅಂಚಿಗೆ ಹೋಗಿ ಕುಂಡೆ ಊರಿ ಬೆನ್ನನ್ನು ನೀರಿನ ಮೇಲೆ ಚಾಚಬೇಕು, ಬೈಸಿಕೊಳ್ಳಬೇಕು. ಮೊದಲಿನ ಎರಡಕ್ಕೆ ತರಬೇತಿ ಬೇಕಂತೆ. ಮೂರನೆಯದು ನನಗೆ ಆಫೀಸಿನಲ್ಲಿ ಆಗಿತ್ತು.

ಬೆಳಿಗ್ಗೆ ಏಳಕ್ಕೆ ದಂಡೆಯ ಮೇಲೆ ಹಲ್ಲು ಕಟಕಟ ಅನ್ನುವ ಮೂಡಗಾಳಿ. ಅತ್ತಿ ಶಾಲು ಹೊದ್ದು ಸಜ್ಜಿ ರೊಟ್ಟಿಯ ಬುತ್ತಿ ಹಿಡಿದು ಕೂತಿದ್ದಳು. ಮಾಮಾ ಮೊಬೈಲು ತೋರಿಸಿ, "ಮಧ್ಯಾಹ್ನತನಕ ಮೂಡಗಾಳಿ ಗಟ್ಟಿ ಐತಿ. ನಾವು ಎಡಕ್ಕ ಹೊಡ್ಯೂದು" ಎಂದು ಯುದ್ಧದ ನಕ್ಷೆ ಹೇಳಿದ. ಅತ್ತಿ ಬಗ್ಗಿ ಒಂದು ಚಿಟಿಕೆ ಮಣ್ಣು ಎತ್ತಿ ಸೊಂಟದ ಮಟ್ಟಕ್ಕೆ ಹಿಡಿದು ಬಿಟ್ಟಳು. ಮಣ್ಣು ಬಿದ್ದದ್ದನ್ನು ನೋಡಿ, "ಹೊತ್ತು ಏರಿದ ಮ್ಯಾಲ ಇದು ಸತ್ತ ಹೋಗಿ ತೆಂಕಲಿಂದ ಬರ್ತೈತಿ ನೋಡ್ರಿ" ಅಂದಳು. ಮಾಮಾ ಲೈಫ್ ಜಾಕೆಟಿನ ಪಟ್ಟಿ ಬಿಗಿದುಕೊಂಡ. ಕೇಳಿಸಲಿಲ್ಲ ಅನ್ನುವುದಕ್ಕೆ ಗಂಡಸರಿಗೆ ಇಂಥ ಪಟ್ಟಿಗಳು ಬಹಳ ಅನುಕೂಲ.

ಓಟದ ಪಂದ್ಯದ ಹಾಗೆ ಗೆರೆಯ ಮೇಲೆ ನಿಂತು ಕಾಯೋಣ ಅಂದರೆ ದೋಣಿಗೆ ಬ್ರೇಕಿಲ್ಲ. ಐದು ನಿಮಿಷ ಇದ್ದಾಗ ಒಂದು ಶಿಳ್ಳೆ, ನಾಲ್ಕಕ್ಕೊಂದು, ಒಂದಕ್ಕೊಂದು, ಆಮೇಲೆ ಹೊರಡು. ಅಲ್ಲಿಯ ತನಕ ಗೆರೆಯ ಹಿಂದೆ ಸುತ್ತುತ್ತಿರಬೇಕು, ಬಸ್ಸು ಬರುವ ಮೊದಲೇ ಸೀಟಿಗೆ ಟವೆಲ್ ಒಗೆಯಲು ನಿಂತವರ ಹಾಗೆ. ನಾವು ಇಪ್ಪತ್ತು ಸೆಕೆಂಡು ಮೊದಲೇ ದಾಟಿದೆವು. ಹಿಂದೆ ಬಂದು ಮತ್ತೆ ದಾಟಬೇಕಾಯಿತು.

ಮೊದಲ ಗುರುತಿನ ನೀಲಿ ಬ್ಯಾರಲ್ಲು ಮೂಡಣಕ್ಕೆ, ಅಂದರೆ ಗಾಳಿ ಬರುತ್ತಿದ್ದ ಕಡೆಗೇ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದೆಯೊಡ್ಡಿ ಹೋಗಲಾರದು. ಆಚೆ 45 ಡಿಗ್ರಿ, ಈಚೆ 45 ಡಿಗ್ರಿ ಓರೆಯಾಗಿ, ಎತ್ತು ಉಚ್ಚೆ ಹೊಯ್ಯುತ್ತ ನಡೆದ ಹಾಗೆ ಹೋಗಬೇಕು. ಪ್ರತಿ ತಿರುವಿನಲ್ಲೂ ಹಾಯಿ ಪಕ್ಕ ಬದಲಿಸುತ್ತದೆ. ಆಗ ಚುಕ್ಕಾಣಿಯವ ಕೂಗಬೇಕಾದ ಮಾತು "ಲೀ ಹೋ".

ಮಾಮಾ ಕೂಗಿದ. ನಾನು ಹಿಂದಿ ಅಂದುಕೊಂಡೆ.

"ಇಲ್ಲ ಮಾಮಾ, ನಾ ಏನೂ ತಗೊಂಡಿಲ್ಲ" ಎಂದು ಎದ್ದು ಕೈ ತೋರಿಸುವಷ್ಟರಲ್ಲಿ ಹಾಯಿಯ ಕೆಳಗಿನ ಅಡ್ಡಕೋಲು ಬಂದು ಕಿವಿಯ ಮೇಲೆ ಕೂತಿತು. ಅದಕ್ಕೆ ಬೂಮ್ ಎಂದು ಹೆಸರಂತೆ. ಬಿದ್ದಾಗ ಸಪ್ಪಳವೂ ಹಾಗೇ.

ಆಮೇಲೆ ಸ್ವಲ್ಪ ಹೊತ್ತು, ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಹಾಯಿಗೆ ಗೇಣುದ್ದದ ಉಣ್ಣೆಯ ದಾರ ಅಂಟಿಸಿರುತ್ತಾರೆ, ಆಚೆಗೊಂದು ಈಚೆಗೊಂದು. ಹಗ್ಗ ಸರಿಯಾಗಿ ಹಿಡಿದರೆ ಎರಡೂ ಸಮನಾಗಿ ಹಿಂದಕ್ಕೆ ಹಾರುತ್ತವೆ, ಜಾತ್ರೆಗೆ ಹೊರಟ ಜೋಡಿ ಎತ್ತಿನ ಹಾಗೆ. ಒಂದು ಕುಣಿಯತೊಡಗಿತೆಂದರೆ ಗಾಳಿ ತಿರುಗಿದೆ ಎಂದು ಅರ್ಥ. ನನ್ನ ಕಡೆಯದು ಕುಣಿಯಿತು.

"ಮಾಮಾ, ದಾರ..."

"ಜಗ್ಗು!"

ಜಗ್ಗಿದೆ. ದಾರ ಜೋತುಬಿತ್ತು. ಹಾಯಿ ಜೋತುಬಿತ್ತು. ದೋಣಿ ನಿಂತಿತು. ಉಳಿದ ಮೂರೂ ದೋಣಿಗಳು ಬಲಕ್ಕೆ, ತೆಂಕು ದಂಡೆಯತ್ತ ಹೋಗಿದ್ದವು. ಅಲ್ಲಿ ನೀರು ಕಪ್ಪಗೆ ನಿರಿಗೆಗಟ್ಟಿತ್ತು. ಗಾಳಿ ಇಳಿದ ನೀರು ದೂರದಿಂದಲೂ ಹಾಗೇ ಕಾಣುತ್ತದೆ. ನಮ್ಮ ಸುತ್ತ ಮಾತ್ರ ಆಗಷ್ಟೇ ಒರೆಸಿಟ್ಟ ತಾಟಿನಂಥ ನೀರು.

"ನೀ ಸಡಲ ಬಿಡಬೇಕಿತ್ತು" ಎಂದ ಮಾಮಾ.

ಬಿಸಿಲೇರಿತು. ಬಾನಿನಲ್ಲಿ ಬೆಳ್ಳಕ್ಕಿಯ ಸಾಲೊಂದು ನಮಗಿಂತ ಶಿಸ್ತಾಗಿ ಹೋಯಿತು. ಹರಗೋಲಿನಲ್ಲಿ ಬಲೆ ಎತ್ತುತ್ತಿದ್ದ ಮೀನುಗಾರ ಪಕ್ಕಕ್ಕೆ ಬಂದು, "ಹಗ್ಗಾ ಒಗೀರಿ ಸರ, ಜಗ್ಗಿಕೊಂಡ ಹೊಕ್ಕೀನಿ" ಅಂದ. ಹೊರಗಿನವರ ನೆರವು ತಗೊಳ್ಳುವಂತಿಲ್ಲ, 41ನೇ ನಿಯಮ ಎಂದ ಮಾಮಾ. ನಾನು ಮೆಲ್ಲಗೆ ಅಂಗೈಯಿಂದ ನೀರು ತಳ್ಳಹೊರಟೆ. ಅದಕ್ಕೆ 42ನೇ ನಿಯಮ ಇತ್ತು.

ಮೀನುಗಾರ ನಮ್ಮನ್ನು ಒಮ್ಮೆ, ನೀಲಿ ಹಾಯಿಯನ್ನು ಒಮ್ಮೆ ನೋಡಿ ಹೋದ.

ಬೇರೆ ಕೆಲಸವಿರಲಿಲ್ಲವಾಗಿ ಮಾಮಾ ಸುತ್ತ ದಂಡೆಗಳನ್ನು ಅಳೆದು ನೋಡಿದ. ನೋಡುತ್ತ ನೋಡುತ್ತ ಮುಖ ಬದಲಾಯಿತು. "ಅಳಿಯಾ, ಇಲ್ಲೇ ಕೆಳಗ ನಮ್ಮ ಕಣಾ ಇತ್ತಲೇ."

ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿ ನಿಂತರೆ ಇವರ ಹೊಲ, ಹೊಲದ ಬೇವಿನ ಮರ, ಕಣ ಎಲ್ಲ ನೀರಿನಡಿ. ಅತ್ತಿ ಮದುವೆಯಾಗಿ ಬಂದ ವರ್ಷದಿಂದ ಆ ಕಣದಲ್ಲೇ ಜೋಳ ತೂರಿದವಳು. ಮೆಟ್ಟಿನ ಮೇಲೆ ಮೊರ ಎತ್ತಿ ಹಿಡಿದು ನಿಂತರೆ ಗಾಳಿ ಯಾವಾಗ ಸಾಯುತ್ತದೆ, ಯಾವ ಕಡೆಯಿಂದ ಏಳುತ್ತದೆ ಎಂದು ಗೊತ್ತಿರಲೇಬೇಕು. ಇಲ್ಲದಿದ್ದರೆ ಹೊಟ್ಟೆಲ್ಲ ಕಣ್ಣಿಗೆ. ಆ ವಿದ್ಯೆ ಇದೇ ಜಾಗದ್ದು, ಇದೇ ತಿಂಗಳುಗಳದ್ದು. ನಾವು ಅದರ ಮೇಲೇ ಕೂತು ಮೊಬೈಲು ನೋಡುತ್ತಿದ್ದೆವು.

"ಅತ್ತಿ ಹೇಳಿದ್ದಳು" ಅಂದೆ. ಕ್ರೂ ಆಡಬಾರದ ಮಾತು.

"ಪಟ್ಟಿ ಬಿಗೀಲಾಕತ್ತಿದ್ನೆ, ಕೇಳಸಲಿಲ್ಲ" ಎಂದ ಮಾಮಾ.

ತೆಂಕಲ ಗಾಳಿ ನಮ್ಮ ತನಕ ಬಂತು, ಉಳಿದವರೆಲ್ಲ ಚಹಾ ಕುಡಿದ ಮೇಲೆ. ದಂಡೆ ಮುಟ್ಟಿದಾಗ ಬುತ್ತಿಯಲ್ಲಿ ಎರಡು ರೊಟ್ಟಿ, ಒಂದು ಎಣ್ಣೆಗಾಯಿ ಉಳಿದಿತ್ತು. ಅತ್ತಿ ಏನೂ ಅನ್ನಲಿಲ್ಲ. ಶೇಂಗಾ ಚಟ್ನಿ ನನಗೆ ಹಾಕಿದಳು, ಮಾಮಾಗೆ ಹಾಕಲಿಲ್ಲ.

ಮುಂದಿನ ಪಂದ್ಯದ ದಿನ ದೋಣಿ ಇಳಿಸುವಾಗ ಅವಳು ಸಣ್ಣದೊಂದು ಚೀಲ ಮಾಮಾನ ಕೈಗಿಟ್ಟಳು. ಒಳಗೆ ಜೋಳದ ಹೊಟ್ಟು. "ಗಾಳಿ ತಿಳೀಲಿಲ್ಲ ಅಂದ್ರ ಒಂದೊಂದ ಚಿಟಿಕಿ ಬಿಡ್ರಿ."

"ನಿಯಮದಾಗ ನೀರಿಗೆ ಕಸಾ ಒಗ್ಯಂಗಿಲ್ಲ" ಎಂದ ಮಾಮಾ.

"ಹೊಟ್ಟು ಕಸ ಹೆಂಗ ಆಗ್ತೈತ್ರಿ? ದನಾ ತಿನ್ನೂ ಮೇವದು. ಮೊಬೈಲ್ ನನ್ನ ಕಡೆ ಕೊಟ್ಟ ಹೋಗ್ರಿ."

ಮಾಮಾ ಕೊಟ್ಟ.