ಬೇರೂರಿದ ಸೆನೆಟರ್‌ಗೆ ಸ್ವಂತ ಪಕ್ಷದಲ್ಲೇ ಎದುರಾಳಿ ಬೇಕೇ?

ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನೋದು ಹೈಕಮಾಂಡ್ ತೀರ್ಮಾನ. ಬಿ ಫಾರಂ ಕೈಗೆ ಬರುವವರೆಗೆ ಹಾಲಿ ಶಾಸಕರಿಗೂ ನಿದ್ದೆ ಇರುವುದಿಲ್ಲ. ಅಮೆರಿಕದಲ್ಲಿ ಆ ಕೆಲಸ ಮತದಾರರದ್ದು. ಪಕ್ಷದ ಅಭ್ಯರ್ಥಿಯನ್ನು ಆರಿಸಲಿಕ್ಕೇ ಮೊದಲು ಒಂದು ಚುನಾವಣೆ ನಡೆಯುತ್ತದೆ. ಅದೇ ಪ್ರೈಮರಿ. ಹಾಲಿ ಸೆನೆಟರ್, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯ, ಅವರ ವಿರುದ್ಧ ಅವರದೇ ಪಕ್ಷದವರು ಅಲ್ಲಿ ನಿಲ್ಲಬಹುದು. ನಿಲ್ಲಬೇಕೇ? ನಿಂತರೆ ಎಂಥವರು ನಿಲ್ಲಬೇಕು?

ಪರ: ಕೇಳುವವರು ಒಬ್ಬರಾದರೂ ಬೇಕು

ರಿಚರ್ಡ್ ಲೂಗರ್ ಅವರ ಮನೆಯಿಂದಲೇ ಶುರು ಮಾಡುತ್ತೇನೆ. ಇಂಡಿಯಾನಾ ರಾಜ್ಯದ ರಿಪಬ್ಲಿಕನ್ ಸೆನೆಟರ್ ಆಗಿದ್ದವರು ಇವರು. ಮೊದಲ ಸಲ ಗೆದ್ದದ್ದು 1976ರಲ್ಲಿ. ಮರುವರ್ಷ ಇಂಡಿಯಾನಾಪೊಲಿಸ್‌ನ ಮನೆ ಮಾರಿ, ವಾಷಿಂಗ್ಟನ್ ಪಕ್ಕದ ವರ್ಜೀನಿಯಾಕ್ಕೆ ಸಂಸಾರ ಸಾಗಿಸಿದರು. ಮತದಾರರ ಪಟ್ಟಿಯಲ್ಲಿ ಮಾತ್ರ ಆ ಹಳೇ ಮನೆಯ ವಿಳಾಸವೇ ಉಳಿಯಿತು. ಒಂದೆರಡು ವರ್ಷವಲ್ಲ, ಸುಮಾರು 35 ವರ್ಷ! ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಓಟು ಮಾತ್ರ ಅದೇ ಬಾಗಿಲ ನಂಬರಿನಲ್ಲಿ. ತಮ್ಮದೇ ರಾಜ್ಯಕ್ಕೆ ಬಂದಾಗ ಸೆನೆಟರ್ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಿದ್ದರು.

ಇದು ದೊಡ್ಡ ಸುದ್ದಿಯಾದದ್ದು 2012ರಲ್ಲಿ. ಯಾಕೆ ಅಷ್ಟು ತಡ? 2006ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಅವರೆದುರು ಅಭ್ಯರ್ಥಿಯನ್ನೇ ಹಾಕಿರಲಿಲ್ಲ. ಕೇಳುವವರೇ ಇಲ್ಲ ಅಂದಮೇಲೆ ವಿಳಾಸ ಯಾರಿಗೆ ಬೇಕು? ರಾಜ್ಯದ ಖಜಾಂಚಿ ರಿಚರ್ಡ್ ಮರ್ಡಾಕ್ ಪ್ರೈಮರಿಗೆ ಇಳಿದ ಮೇಲೆ ಅದು ಊರ ಮಾತಾಯಿತು. 2012ರ ಮಾರ್ಚ್‌ನಲ್ಲಿ ಸ್ಥಳೀಯ ಚುನಾವಣಾ ಮಂಡಳಿಯೇ ‘ಈ ವಿಳಾಸದಲ್ಲಿ ನೀವು ಓಟು ಹಾಕುವಂತಿಲ್ಲ’ ಎಂದಿತು. ಮೇ ತಿಂಗಳಲ್ಲಿ ಮತ ಎಣಿಸಿದಾಗ, 36 ವರ್ಷ ಸೆನೆಟ್‌ನಲ್ಲಿ ಕೂತಿದ್ದವರಿಗೆ ನೂರಕ್ಕೆ 40 ಮತವೂ ಬರಲಿಲ್ಲ.

ಸೆನೆಟರ್ ಅವಧಿ ಆರು ವರ್ಷ. ಎಷ್ಟೋ ರಾಜ್ಯಗಳಲ್ಲಿ ಗೆಲ್ಲುವ ಪಕ್ಷ ಯಾವುದೆಂದು ಮೊದಲೇ ಎಲ್ಲರಿಗೂ ಗೊತ್ತು. ಅಲ್ಲಿ ಪಕ್ಷಗಳ ನಡುವಿನ ನವೆಂಬರ್ ಚುನಾವಣೆ ಸುಮ್ನೆ ಶಾಸ್ತ್ರಕ್ಕೆ. ಪ್ರೈಮರಿಯಲ್ಲೂ ಯಾರೂ ನಿಲ್ಲಬಾರದು ಅಂದರೆ ಆ ಸೀಟು ಪಿತ್ರಾರ್ಜಿತ ಆಸ್ತಿ ಆದಂತೆಯೇ ಅಲ್ವಾ?

ಎದುರಾಳಿ ಸೋತರೂ ಕೆಲಸ ಆಗುತ್ತದೆ. ಮೆಸಾಚುಸೆಟ್ಸ್‌ನ ಎಡ್ ಮಾರ್ಕಿ ಅವರನ್ನೇ ನೋಡಿ. 1976ರಿಂದ ಸಂಸತ್ತಿನಲ್ಲಿದ್ದಾರೆ. ಮೊದಲು ಕೆಳಮನೆ, 2013ರಿಂದ ಸೆನೆಟ್. ಊರಿನ ಮನೆಯಲ್ಲಿ ಮಲಗುವ ರಾತ್ರಿಗಳೇ ಕಡಿಮೆ ಎಂಬ ದೂರು ಇವರ ಮೇಲೂ ಇತ್ತು. 2019ರ ಸೆಪ್ಟೆಂಬರ್‌ನಲ್ಲಿ ಜೋ ಕೆನಡಿ, ಅಂದರೆ ರಾಬರ್ಟ್ ಕೆನಡಿ ಅವರ ಮೊಮ್ಮಗ, ಎದುರಿಗೆ ನಿಂತರು. ಸಮೀಕ್ಷೆಗಳಲ್ಲಿ ಕೆನಡಿಯೇ ಮುಂದೆ. ಮುದುಕಪ್ಪ ಆಗ ಎದ್ದು ಕೂತರು. ಹವಾಮಾನ ಬದಲಾವಣೆಯ ವಿಷಯ ಹಿಡಿದು ಕಾಲೇಜು ಹುಡುಗ ಹುಡುಗಿಯರ ಬಳಿ ಹೋದರು. ಅವರ ಹಳೇ ಸ್ಪೋರ್ಟ್ಸ್ ಶೂ ಆನ್‌ಲೈನ್‌ನಲ್ಲಿ ಹೀರೋ ಆಯಿತು. 74ರ ಮಾರ್ಕಿ 39ರ ಕೆನಡಿಯನ್ನು ಸುಮಾರು 55–45ರ ಅಂತರದಲ್ಲಿ ಸೋಲಿಸಿದರು. ಆ ಒಂದು ವರ್ಷ ಓಡಾಡಿದಷ್ಟು ಹಿಂದಿನ ಹತ್ತು ವರ್ಷದಲ್ಲಿ ಓಡಾಡಿದ್ದರೋ ಇಲ್ಲವೋ. ನನಗಂತೂ ಅನುಮಾನ.

ಇನ್ನು ಅರಿಜೋನಾ. ಆಗ ಅಲ್ಲಿನ ಸೆನೆಟರ್ ಆಗಿದ್ದವರು ಕಿರ್ಸ್ಟನ್ ಸಿನೆಮಾ (ಹೆಸರೇ ಹಾಗೆ, ನಾನು ಇಟ್ಟದ್ದಲ್ಲ). 2021ರ ಮಾರ್ಚ್‌ನಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಪ್ರಸ್ತಾಪ ಬಂತು. ಡೆಮಾಕ್ರಟಿಕ್ ಪಕ್ಷದಿಂದ ಗೆದ್ದಿದ್ದ ಅವರು ಮುಂದೆ ಬಂದು, ಮಂಡಿ ಸ್ವಲ್ಪ ಬಾಗಿಸಿ, ಹೆಬ್ಬೆರಳು ಕೆಳಗೆ ಮಾಡಿ ತೋರಿಸಿ ಹೋದರು. ಬೇಡ ಅನ್ನುವುದು ಬೇರೆ, ಹಾಗೆ ಅನ್ನುವುದು ಬೇರೆ. ಆ ವಿಡಿಯೊ ನೋಡಿ ಕೂಲಿಯವರಿಗೆ ಉರಿಯದೆ ಇರುತ್ತದೆಯೇ? ಅವರದೇ ಪಕ್ಷದ ಕೆಳಮನೆ ಸದಸ್ಯ ರೂಬೆನ್ ಗಯೇಗೊ ಎದುರು ನಿಲ್ಲಬಹುದು ಎಂಬ ಮಾತು ಶುರುವಾಯಿತು. 2022ರ ಡಿಸೆಂಬರ್‌ನಲ್ಲಿ ಸಿನೆಮಾ ಪಕ್ಷವನ್ನೇ ಬಿಟ್ಟರು. 2024ರಲ್ಲಿ ಕಣದಿಂದಲೂ ಹಿಂದೆ ಸರಿದರು. ಆ ನವೆಂಬರ್‌ನಲ್ಲಿ ಅರಿಜೋನಾ ಟ್ರಂಪ್‌ಗೆ ಒಲಿಯಿತು. ಅದೇ ಮತಪತ್ರದಲ್ಲಿ ಸೆನೆಟ್‌ಗೆ ಮಾತ್ರ ಗಯೇಗೊ ಗೆದ್ದರು. ಹಿಂದೆ ಸೈನ್ಯದಲ್ಲಿದ್ದವರು, ವಲಸೆ ಬಂದ ಕುಟುಂಬದವರು, ಕೂಲಿಯ ಬೆಲೆ ಗೊತ್ತಿದ್ದವರು. ಎದುರಾಳಿ ಅಂದರೆ ಹೀಗಿರಬೇಕು.

ವಿರೋಧ: ನೆಗಡಿಗೆ ಮೂಗು ಕೊಯ್ಯಬೇಡಿ

ಲೂಗರ್ ಮನೆಯ ಕಥೆ ಸರಿಯಾಗಿಯೇ ಇದೆ. ಆದರೆ ಪರ ವಾದಿಸಿದವರು ಅದನ್ನು ಮೇ ತಿಂಗಳಿಗೇ ನಿಲ್ಲಿಸಿಬಿಟ್ಟರು. ಅಕ್ಟೋಬರ್‌ಗೆ ಬನ್ನಿ.

ಲೂಗರ್‌ರನ್ನು ಸೋಲಿಸಿದ ಮರ್ಡಾಕ್ ಟಿವಿ ಚರ್ಚೆಯಲ್ಲಿ ಕೂತಿದ್ದರು. ಗರ್ಭಪಾತದ ಮಾತು ಬಂತು. ಅತ್ಯಾಚಾರದಿಂದ ಬಸಿರಾದರೂ ಅದು ದೇವರ ಇಚ್ಛೆ ಎಂಬ ಅರ್ಥದ ಮಾತಾಡಿದರು. ಅಲ್ಲಿಗೆ ಮುಗಿಯಿತು. ಎರಡು ವಾರದ ನಂತರ ಅಧ್ಯಕ್ಷ ಚುನಾವಣೆಯಲ್ಲಿ ಇಂಡಿಯಾನಾದ ಜನ ರಿಪಬ್ಲಿಕನ್ ಮಿಟ್ ರಾಮ್ನಿಗೆ ನೂರಕ್ಕೆ 10 ಮತ ಜಾಸ್ತಿ ಕೊಟ್ಟರು. ಅದೇ ಜನ, ಅದೇ ದಿನ, ಮರ್ಡಾಕ್ ಅವರನ್ನು ಮನೆಗೆ ಕಳಿಸಿದರು. ಸೀಟು ಡೆಮಾಕ್ರಟಿಕ್ ಪಕ್ಷದ ಜೋ ಡಾನೆಲಿ ಪಾಲಾಯಿತು. ಅದೇ ಪಕ್ಷ ಆರು ವರ್ಷದ ಹಿಂದೆ ಅಲ್ಲಿ ಅಭ್ಯರ್ಥಿ ಹಾಕುವ ಧೈರ್ಯವನ್ನೂ ಮಾಡಿರಲಿಲ್ಲ!

ಹೋದದ್ದು ಬರೀ ಸೀಟಲ್ಲ. ಸೋವಿಯತ್ ಒಕ್ಕೂಟ ಒಡೆಯುತ್ತಿದ್ದ 1991ರಲ್ಲಿ ಲೂಗರ್, ಡೆಮಾಕ್ರಟಿಕ್ ಪಕ್ಷದ ಸ್ಯಾಮ್ ನನ್ ಜೊತೆ ಸೇರಿ ಒಂದು ಕಾನೂನು ಮಾಡಿಸಿದರು. ಅಲ್ಲಿನ ಅಣ್ವಸ್ತ್ರಗಳನ್ನು ಅಮೆರಿಕದ ದುಡ್ಡಿನಲ್ಲಿ ಕಳಚಿಹಾಕುವ ಯೋಜನೆ ಅದು. ಮುಂದೆ 7,500ಕ್ಕೂ ಹೆಚ್ಚು ಸಿಡಿತಲೆಗಳು ನಿಷ್ಕ್ರಿಯವಾದವು. ನಮಗೂ ಇವರ ನಂಟಿದೆ. ಭಾರತ-ಅಮೆರಿಕ ಅಣು ಒಪ್ಪಂದಕ್ಕೆ ದಾರಿ ಮಾಡಿದ ಮಸೂದೆ 2006ರಲ್ಲಿ ಸೆನೆಟ್‌ನಲ್ಲಿ ಪಾಸಾದಾಗ ವಿದೇಶಾಂಗ ಸಮಿತಿಯ ಅಧ್ಯಕ್ಷರು ಇದೇ ಲೂಗರ್. ಇಂಥ ಕೆಲಸ ಕಲಿಯೋಕೆ ವರ್ಷಗಳು ಬೇಕು. ಎರಡೂ ಪಕ್ಷದವರ ಜೊತೆ ಕೂತು ಮಾತಾಡುವ ರೂಢಿ ಬೇಕು. ಮರ್ಡಾಕ್ ಪ್ರಕಾರ ಎರಡು ಪಕ್ಷ ಸೇರಿ ಕೆಲಸ ಮಾಡೋದು ಅಂದರೆ ಡೆಮಾಕ್ರಟಿಕ್ ಪಕ್ಷದವರು ತಮ್ಮ ದಾರಿಗೆ ಬರೋದು. ಇದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ.

ವಿಳಾಸ ತಪ್ಪು, ಒಪ್ಪಿದೆ. ಅದಕ್ಕೆ ವಿಳಾಸ ಸರಿ ಮಾಡಿಸಬೇಕಿತ್ತು.

ನನ್ನ ತಕರಾರು ಎದುರಾಳಿ ನಿಲ್ಲುವುದಕ್ಕಲ್ಲ, ಎದುರಾಳಿಯನ್ನು ತೂಗುವ ರೀತಿಗೆ. ಪ್ರೈಮರಿಯಲ್ಲಿ ಓಟು ಹಾಕುವವರು ಕಡಿಮೆ, ಬರುವವರಲ್ಲಿ ಪಕ್ಷದ ಕಟ್ಟಾಳುಗಳೇ ಜಾಸ್ತಿ. ಹಾಲಿ ಸೆನೆಟರ್ ಮೇಲೆ ಎಷ್ಟು ಕೋಪ ಇದೆ ಅನ್ನೋದೇ ಅಲ್ಲಿ ಅರ್ಹತೆಯಾಗಿಬಿಡುತ್ತದೆ. ಆ ಕುರ್ಚಿಯಲ್ಲಿ ಕೂತು ಈತ ಏನು ಮಾಡುತ್ತಾನೆ ಎಂದು ಕೇಳುವವರು ಕಮ್ಮಿ. ಕೋಪಕ್ಕೆ ಬದಲು ಹೆಸರಿದ್ದರೂ ಅಷ್ಟೇ. ಜೋ ಕೆನಡಿಯವರನ್ನು ಜನ ವರ್ಷಪೂರ್ತಿ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ ನಿಲ್ಲುತ್ತಿದ್ದೀರಿ? ಮಾರ್ಕಿಗಿಂತ ಏನು ಬೇರೆ ಮಾಡುತ್ತೀರಿ? ಮನಸ್ಸಿಗೆ ಒಪ್ಪುವ ಉತ್ತರ ಬರಲೇ ಇಲ್ಲ. ಇವರ ಅಜ್ಜನ ತಮ್ಮ ಟೆಡ್ ಕೆನಡಿ ಕೂಡ 1979ರಲ್ಲಿ, ಸ್ವಪಕ್ಷದ ಅಧ್ಯಕ್ಷ ಕಾರ್ಟರ್ ವಿರುದ್ಧ ಹೊರಟಾಗ, ಟಿವಿಯಲ್ಲಿ ಇಂಥದೇ ಪ್ರಶ್ನೆಗೆ ತಡವರಿಸಿದ್ದರು. ವಂಶದ ಕಾಯಿಲೆ ಇರಬೇಕು. ಸೋತ ಜೋ, ಮೆಸಾಚುಸೆಟ್ಸ್‌ನಲ್ಲಿ ಚುನಾವಣೆ ಸೋತ ಮೊದಲ ಕೆನಡಿ ಎನಿಸಿಕೊಂಡರು. ಕೈಯಲ್ಲಿದ್ದ ಕೆಳಮನೆಯ ಸೀಟೂ ಹೋಯಿತು.

ಗಯೇಗೊ ಒಳ್ಳೇ ಅಭ್ಯರ್ಥಿಯೇ. ಆದರೆ ಸಿನೆಮಾ ಅವರೇ ಪಕ್ಷ ಬಿಟ್ಟದ್ದರಿಂದ ಅಲ್ಲಿ ಇಬ್ಬರ ನಡುವೆ ಪ್ರೈಮರಿ ನಡೆಯಲೇ ಇಲ್ಲ. ಅದನ್ನು ಪ್ರೈಮರಿಯ ಜಯ ಅಂತ ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಪ್ರೈಮರಿಯಲ್ಲಿ ಗೆದ್ದರೆ ಬೇರು ಕಿತ್ತಂತೆ ಅಂದುಕೊಂಡವರು ಅಲಾಸ್ಕಾಕ್ಕೂ ಒಮ್ಮೆ ಹೋಗಿಬರಲಿ. ಲೀಸಾ ಮರ್ಕೌಸ್ಕಿ ಅಲ್ಲಿನ ಸೆನೆಟರ್. 2002ರಲ್ಲಿ ಗವರ್ನರ್ ಆದ ಅಪ್ಪ ತಮ್ಮ ಖಾಲಿ ಸೀಟಿಗೆ ಮಗಳನ್ನೇ ನೇಮಿಸಿದ್ದರು. ಪಿತ್ರಾರ್ಜಿತ ಅಂದರೆ ಇದಪ್ಪಾ! 2010ರ ಪ್ರೈಮರಿಯಲ್ಲಿ ಜೋ ಮಿಲ್ಲರ್ ಎಂಬ ವಕೀಲರು ಸುಮಾರು 2,000 ಮತದಿಂದ ಅವರನ್ನು ಸೋಲಿಸಿದರು. ಆದರೂ ಮರ್ಕೌಸ್ಕಿ ನವೆಂಬರ್ ಚುನಾವಣೆಗೆ ನಿಂತೇಬಿಟ್ಟರು. ಮತಪತ್ರದಲ್ಲಿ ಅವರ ಹೆಸರೇ ಇಲ್ಲ. ಖಾಲಿ ಗೆರೆಯ ಮೇಲೆ ಮತದಾರರೇ ಕೈಯಾರೆ ಹೆಸರು ಬರೆಯಬೇಕು. ಮರ್ಕೌಸ್ಕಿ ಎಂದು ಇಂಗ್ಲಿಷ್‌ನಲ್ಲಿ ಬರೆಯೋದು ಅಲ್ಲಿನವರಿಗೂ ಕಷ್ಟವೇ. ಹೆಸರು ಅಚ್ಚು ಹಾಕಿದ ರಬ್ಬರ್ ಪಟ್ಟಿಗಳನ್ನು ಕೈಗೆ ಹಾಕಿಕೊಳ್ಳಿ ಎಂದು ಹಂಚಿದರು. ಕಾಗುಣಿತ ಹೇಳಿಕೊಡುವ ಜಾಹೀರಾತು ಮಾಡಿದರು. ತಪ್ಪು ಬರೆದ ಮತಗಳನ್ನು ಬಿಡಬೇಕು ಎಂದು ಮಿಲ್ಲರ್ ಕೋರ್ಟಿಗೂ ಹೋದರು. ಮತದಾರನ ಮನಸ್ಸಿನಲ್ಲಿ ಇದ್ದದ್ದು ಯಾರೆಂದು ತಿಳಿದರೆ ಸಾಕು ಎಂದಿತು ರಾಜ್ಯದ ಸುಪ್ರೀಂ ಕೋರ್ಟ್. ಸುಮಾರು 10,000 ಮತಗಳ ಅಂತರದಲ್ಲಿ ಮರ್ಕೌಸ್ಕಿ ಮತ್ತೆ ಸೆನೆಟ್‌ಗೆ ಹೋದರು. 2016ರಲ್ಲೂ ಗೆದ್ದರು, 2022ರಲ್ಲೂ ಗೆದ್ದರು.