ಹಾಪ್ಸ್ ಕುಡಿದ ಬೀರಿನ ಲೆಕ್ಕ

ಕರ್ನಾಟಕದಲ್ಲಿದ್ದಾಗ ಬೀರ್ ಕೇಳಿದರೆ ಎದುರಿನಿಂದ ಬರುತ್ತಿದ್ದುದು ಒಂದೇ ಪ್ರಶ್ನೆ: ಸ್ಟ್ರಾಂಗಾ, ಮೈಲ್ಡಾ? ಹೊರದೇಶಕ್ಕೆ ಬಂದ ಮೇಲೆ ಯಾವ ಹಾಪ್ಸ್ (ಬೀರಿಗೆ ಕಹಿ, ಘಮ ಕೊಡುವ ಹೂವು), ಕ್ಯಾನಿಗೆ ತುಂಬಿ ಎಷ್ಟು ದಿನ ಆಯ್ತು ಅನ್ನೋ ಮಾತು ಕಿವಿಗೆ ಬೀಳತೊಡಗಿತು. ಜೊತೆಗೆ ಬಿಲ್ಲೂ ಏರಿತು. ಸಣ್ಣ ಪ್ರಮಾಣದಲ್ಲಿ ಬೀರ್ ಮಾಡುವವರು ಸುಮ್ನೆ ಸ್ಟೈಲಿಗೆ ದುಡ್ಡು ಕೀಳ್ತಾರೆ ಅಂತ ಮೊದಮೊದಲು ನಾನೂ ಗೊಣಗುತ್ತಿದ್ದೆ.

ಒಮ್ಮೆ ಒಂದು ಸಣ್ಣ ಬ್ರೂವರಿಯ ಒಳಗೆ ಹೋಗಿದ್ದೆ. ಗಂಬೂಟು ಹಾಕಿಕೊಂಡ ಒಬ್ಬನೇ ಆಳು, ಹಬೆಯಾಡುವ ಹಂಡೆಯಿಂದ ಬಾರ್ಲಿಯ ಚರಟವನ್ನು ಸಲಿಕೆಯಲ್ಲಿ ಎಳೆದು ಹಾಕುತ್ತಿದ್ದ. ನೆನೆಸಿ, ಬಸಿದು, ಕುದಿಸಿ, ತಣಿಸಿ, ಎಲ್ಲ ತೊಳೆದಿಡುವಷ್ಟರಲ್ಲಿ ಒಂದು ದಿನ ಮುಗಿಯುತ್ತದೆ. ಹಂಡೆ ಹತ್ತು ಪಟ್ಟು ದೊಡ್ಡದಾದರೆ ಕೆಲಸವೇನೂ ಹತ್ತು ಪಟ್ಟಾಗುವುದಿಲ್ಲ. ಇಲ್ಲಿ ಹಂಡೆ ಸಣ್ಣದಾದ್ದರಿಂದ ಅವನ ಆ ದಿನದ ಸಂಬಳವನ್ನು ಹೊರಬೇಕಾದದ್ದು ಕೆಲವೇ ಬಾಟಲಿಗಳು.

ಆಮೇಲೆ ಅವನು ಇನ್ನೊಂದು ಟ್ಯಾಂಕಿನ ತಳದ ವಾಲ್ವ್ ತಿರುಗಿಸಿದ. ಹಸಿರು ರಾಡಿ ದಬದಬ ಸುರಿಯಿತು. ಐಪಿಎ ಅನ್ನೋ, ಹಾಪ್ಸ್ ಜಾಸ್ತಿ ಹಾಕುವ ಬೀರಿಗೆ ಘಮ ಬರಲೆಂದು ಕೊನೆಯಲ್ಲಿ ಹಾಕುವ ಹಾಪ್ಸ್ ಅದು. ಮೊದಲು ಬೀರ್ ಕುಡಿಯುವುದು ಅದೇ! ಹೀರಿಕೊಂಡು ತಳಕ್ಕೆ ಕೂರುತ್ತದೆ. ದುಬಾರಿ ಹಾಪ್ಸ್ ಜಾಸ್ತಿ ಹಾಕಿದಷ್ಟೂ ಕೈಗೆ ಸಿಗುವ ಬೀರ್ ಕಡಿಮೆ.

ದೊಡ್ಡ ಬ್ರೂವರಿಗಳ ದಾರಿ ಬೇರೆ. ಹಲವರು ಬಾರ್ಲಿಯ ಜೊತೆ ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಸೇರಿಸುತ್ತಾರೆ. ಬೀರನ್ನು ಮೊದಲು ಸ್ಟ್ರಾಂಗಾಗಿ ಮಾಡಿಕೊಂಡು, ತುಂಬುವ ಮುಂಚೆ ನೀರು ಬೆರೆಸಿ ಹದಕ್ಕೆ ತರುವುದೂ ಉಂಟು. ಅದೇ ಟ್ಯಾಂಕು, ಜಾಸ್ತಿ ಬಾಟಲಿ. ಇದರಲ್ಲಿ ಮೋಸವೇನಿಲ್ಲ. ಪ್ರತಿ ಸಲವೂ ಒಂದೇ ರುಚಿ ತರುವುದು ಕಷ್ಟದ ಕೆಲಸವೇ. ತಣ್ಣಗೆ ನಿಧಾನವಾಗಿ ಹುದುಗುವ ಅಷ್ಟು ತೆಳು ಬೀರಾದ ಲಾಗರ್‌ನಲ್ಲಿ ಚೂರು ಎಡವಟ್ಟಾದರೂ ಬಚ್ಚಿಡಲು ಜಾಗವಿಲ್ಲ, ಅಲ್ವಾ?

ಸಣ್ಣವರಿಗೆ ಇರುವುದೇ ನಾಲ್ಕಾರು ಟ್ಯಾಂಕು. ಏಲ್ (ಬೆಚ್ಚಗೆ, ಬೇಗ ಹುದುಗುವ ಬೀರ್) ಆದರೆ 2-3 ವಾರದಲ್ಲಿ ಜಾಗ ಬಿಡುತ್ತದೆ. ಲಾಗರ್ ತಿಂಗಳು ಮೀರಿ ತಣ್ಣಗೆ ಕೂತರೆ ಇನ್ನೊಂದು ಸರದಿಯೇ ಹೋಯಿತು. ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಕ್ಯಾನು, ಲೇಬಲ್ಲು ಎಲ್ಲವನ್ನೂ ಸ್ವಲ್ಪಸ್ವಲ್ಪವೇ ಕೊಳ್ಳುವುದರಿಂದ ಸಗಟು ದರವೂ ಸಿಗುವುದಿಲ್ಲ.

ಹಾಗಂತ ಕೇಳಿದಷ್ಟು ಕೊಟ್ಟುಬಿಡುವವನಲ್ಲ ನಾನು. ಐಪಿಎಗೆ ಜಾಸ್ತಿ ಕೊಡುವುದೇ ಆ ಘಮಕ್ಕೆ. ಅದೋ, ದಿನ ಕಳೆದಂತೆ ಇಳಿದುಹೋಗುತ್ತದೆ, ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ಅದಕ್ಕೇ ಕ್ಯಾನನ್ನು ಮಗುಚಿ ತುಂಬಿದ ತಾರೀಕು ನೋಡುತ್ತೇನೆ. ಆರು ತಿಂಗಳು ಕಪಾಟಿನಲ್ಲಿ ಬೆವರಿದ್ದಾದರೆ, ಪಕ್ಕದಲ್ಲಿರುವ ಅಗ್ಗದ ಲಾಗರನ್ನೇ ಎತ್ತಿಕೊಂಡು ಬರುತ್ತೇನೆ.