ಬಿಟ್ಟಿ ಚಾಣಕ್ಯರು ಬೇಕಾಗಿದ್ದಾರೆ

ಆ ಜಾಹೀರಾತು ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ದೆಹಲಿಯ ಥಿಂಕ್ ಟ್ಯಾಂಕ್ ಒಂದಕ್ಕೆ, ಅಂದರೆ ನೀತಿಗಳ ಬಗ್ಗೆ ಯೋಚಿಸಿ ಸಲಹೆ ಕೊಡುವ ಸಂಸ್ಥೆಗೆ, ರಕ್ಷಣಾ ನೀತಿಯ ಸಂಶೋಧನೆ ಮಾಡಲು ಇಂಟರ್ನ್‌ಗಳು ಬೇಕಂತೆ. ಎಂ.ಎ. ಆಗಿರಬೇಕು. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸಾಗಿರಬೇಕು, ಚೈನೀಸ್ ಬಂದರೆ ಇನ್ನೂ ಒಳ್ಳೆಯದು. ಇಬ್ಬರು ಪ್ರೊಫೆಸರುಗಳ ಶಿಫಾರಸು ಪತ್ರ, 1,500 ಪದಗಳ ಲೇಖನ, ಸ್ವಂತ ಲ್ಯಾಪ್‌ಟಾಪ್. ಕೊನೆಯಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿ: ಸಂಬಳ, ಗೌರವಧನ, ವಸತಿ ಇರುವುದಿಲ್ಲ. ಪ್ರಮಾಣಪತ್ರ ಕೊಡಲಾಗುವುದು.

ದೇಶಸೇವೆ ಅಂದಮೇಲೆ ದುಡ್ಡಿನ ಮಾತು ಎತ್ತಬಾರದು, ಒಪ್ಪಿದೆ. ದೇಶದ ರಕ್ಷಣೆಗೆ ಎರಡು ಥರದ ಟ್ಯಾಂಕ್ ಇವೆ. ಒಂದಕ್ಕೆ ಡೀಸೆಲ್ ಹಾಕಬೇಕು. ಇನ್ನೊಂದು ಬಿಟ್ಟಿ ಓಡುತ್ತದೆ.

ಇಂಥದ್ದೇ ಒಂದು ಟ್ಯಾಂಕಿಗೆ ಹೋದ ವರ್ಷ ನನ್ನ ಅಕ್ಕನ ಮಗಳು ಆಯ್ಕೆಯಾಗಿದ್ದಳು. ಹಾಸನದ ಹುಡುಗಿ, ರಾಜ್ಯಶಾಸ್ತ್ರದಲ್ಲಿ ಎಂ.ಎ. ಆ ಸಂಸ್ಥೆಯ ಹೆಸರು ಬೇಡ ಬಿಡಿ. ಫೋನ್ ಮಾಡಿ "ಮಾಮ, ಸೆಲೆಕ್ಟ್ ಆದೆ" ಅಂತ ಕಿರುಚಿದಳು. ನಾನೂ ಕಿರುಚಿದೆ. ಆಮೇಲೆ ಭಾವ ಫೋನ್ ತಗೊಂಡರು. ಶುಂಠಿ ಬೆಳೆಯುವ ಮನುಷ್ಯ, ಲೆಕ್ಕದಲ್ಲಿ ಗಟ್ಟಿ.

"ಸಂಬಳ ಎಷ್ಟಂತೆ?"

"ಇಲ್ಲ ಭಾವ. ರೂಮು, ಊಟ, ರೈಲು ಚಾರ್ಜು ಎಲ್ಲ ನಾವೇ ನೋಡ್ಕೋಬೇಕು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಪರ್ಮನೆಂಟ್ ಕೆಲಸಕ್ಕೆ ದುಡ್ಡು ಕೊಡೋದು ಕೇಳಿದ್ದೀನಿ. ಎರಡು ತಿಂಗಳ ಕೆಲಸಕ್ಕೂ ಕೊಡ್ಬೇಕಾ?"

ಕೊಟ್ಟರು. ದೆಹಲಿಯ ಮುನಿರ್ಕಾದಲ್ಲಿ ಕಿಟಕಿ ಇಲ್ಲದ ಒಂದು ರೂಮು, ತಿಂಗಳಿಗೆ 9,000. ಎದುರಿನ ಕಟ್ಟಡದವರು ಕೈ ಚಾಚಿದರೆ ಇವಳ ಬಾಗಿಲು ತಟ್ಟಬಹುದು, ಓಣಿ ಅಷ್ಟು ಕಿರಿದು. ಅಲ್ಲಿಂದ ದಿನಾ ಬಸ್ಸು ಹತ್ತಿ ಹಿಂದೂ ಮಹಾಸಾಗರದ ಭವಿಷ್ಯ ರೂಪಿಸಲು ಹೊರಡುತ್ತಿದ್ದಳು.

ಅಲ್ಲಿ ಮಾಡಿದ ಸಂಶೋಧನೆಯನ್ನೂ ಕೇಳಿ. ಮೊದಲ ವಾರ ವಿಚಾರ ಸಂಕಿರಣಕ್ಕೆ ಹೆಸರಿನ ಫಲಕಗಳನ್ನು ಪ್ರಿಂಟ್ ಹಾಕಿಸಿದಳು. ಸುಲಭದ ಕೆಲಸ ಅಂದುಕೊಳ್ಳಬೇಡಿ. ಲೆಫ್ಟಿನೆಂಟ್ ಜನರಲ್ (ನಿವೃತ್ತ) ಅವರ ಮುಂದೆ ಮೇಜರ್ ಜನರಲ್ (ನಿವೃತ್ತ) ಅಂತ ಫಲಕ ಇಟ್ಟರೆ ಗಡಿ ಶಾಂತವಾಗಿದ್ದರೂ ಹಾಲ್‌ನಲ್ಲಿ ಗುಂಡು ಹಾರುತ್ತದೆ. ಎರಡನೇ ವಾರ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ಕೆಲಸ. ನಾಲ್ಕು ಗಂಟೆಯ ಭಾಷಣದಲ್ಲಿ "ಚೀನಾವನ್ನು ಹಗುರವಾಗಿ ಪರಿಗಣಿಸಬಾರದು" ಅನ್ನುವುದು ಹನ್ನೊಂದು ಸಲ ಬಂತಂತೆ. ನಡುವೆ ಹೈ ಟೀ. ಸಮೋಸ ಎಣಿಸಿ ತರಿಸಿದ್ದೂ ಇವಳೇ. "ಲಾಜಿಸ್ಟಿಕ್ಸ್ ಕಲಿತಂಗಾಯ್ತು ಬಿಡು" ಅಂದೆ. ನಗಲಿಲ್ಲ.

ಆ ಸಂಕಿರಣದ ವಿಷಯ 1962ರ ಚೀನಾ ಯುದ್ಧದ ಪಾಠಗಳು. ಆ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಪ್ರೇಮ್ ಭಗತ್ 1963ರಲ್ಲೇ ಸೇನೆಗೆ ವರದಿ ಕೊಟ್ಟರು. ಅದು ಇವತ್ತಿಗೂ ಗುಟ್ಟು. ಈಗಲೂ ಕಾರ್ಯಾಚರಣೆಗೆ ಸಂಬಂಧಪಟ್ಟ ವಿಷಯ ಅದರಲ್ಲಿದೆ ಎಂದು ರಕ್ಷಣಾ ಮಂತ್ರಿಯಾಗಿದ್ದ ಎ.ಕೆ. ಆಂಟನಿ 2010ರಲ್ಲಿ ಸಂಸತ್ತಿಗೆ ಹೇಳಿದ್ದರು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತರು ಅದರ ಒಂದು ಭಾಗವನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ಹಾಗಾಗಿ ನಮ್ಮ ಸೋಲಿನ ಪಾಠವನ್ನು ನಮ್ಮ ಹುಡುಗಿ ಪರದೇಶಿಯ ಪುಣ್ಯದಿಂದ ಓದಬೇಕು. ಪಾಠ ಕಲಿಯಿರಿ, ಪುಸ್ತಕ ಮಾತ್ರ ಕೇಳಬೇಡಿ.

ಇದೆಲ್ಲ ಕಷ್ಟ ಅನಿಸಿದವರಿಗೆ ಹತ್ತಿರದ ದಾರಿ ಒಂದಿದೆ: ಟಿವಿ. ಅಲ್ಲಿ ಶಿಫಾರಸು ಪತ್ರ ಬೇಡ, ಗಂಟಲು ಸಾಕು. ಪಾಕಿಸ್ತಾನದ ಜೊತೆ ಕಾದಾಟ ನಡೆದಿದ್ದ 2025ರ ಮೇ 8ರ ರಾತ್ರಿ ನೆನಪಿದೆಯಲ್ಲ? ನಾನೂ ನಿದ್ದೆ ಬಿಟ್ಟು ನೋಡಿದೆ. ನಮ್ಮ ಚಾನೆಲ್‌ಗಳು ಸ್ಟುಡಿಯೋದಿಂದಲೇ ಕರಾಚಿ ಬಂದರನ್ನು ಪುಡಿಪುಡಿ ಮಾಡಿದವು. ಬೆಳಗ್ಗೆ ಎದ್ದರೆ ಬಂದರು ಅಲ್ಲೇ ಇತ್ತು. ಸುದ್ದಿಯ ನಡುವೆ ಸೈರನ್ ಬೇರೆ. ಎಷ್ಟರಮಟ್ಟಿಗೆ ಅಂದರೆ, ದಯವಿಟ್ಟು ಸೈರನ್ ಹಾಕಬೇಡಿ, ನಾಳೆ ನಿಜವಾದ ಸೈರನ್ ಕೂಗಿದರೆ ಜನ ಟಿವಿ ಅಂದುಕೊಂಡು ಸುಮ್ನೆ ಕೂತುಬಿಡುತ್ತಾರೆ ಅಂತ ಸರ್ಕಾರವೇ ಹೇಳಬೇಕಾಯಿತು. ಆ ಚರ್ಚೆಯಲ್ಲಿ ಕೂತವರು ಯಾರೂ ಅಡಿಟಿಪ್ಪಣಿ ಹಾಕಲಿಲ್ಲ. ನನ್ನ ಅಕ್ಕನ ಮಗಳು ಎರಡು ತಿಂಗಳಲ್ಲಿ ನಾನೂರು ಹಾಕಿದ್ದಾಳೆ.

ಅಂದಹಾಗೆ, ಈ ಇಂಟರ್ನ್ ಎಂಬ ಪದದ ಮೇಲೆ ನಮ್ಮವರಿಗೆ ಬಹಳ ಪ್ರೀತಿ. 2020ರಲ್ಲಿ ಸೇನೆಯೇ ಮೂರು ವರ್ಷದ 'ಟೂರ್ ಆಫ್ ಡ್ಯೂಟಿ' ಅಂತ ಒಂದು ಪ್ರಸ್ತಾವ ಇಟ್ಟಾಗ ಅದನ್ನು ಇಂಟರ್ನ್‌ಶಿಪ್ ಥರ ಅಂತಲೇ ಬಣ್ಣಿಸಿದ್ದರು. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ, ಆಮೇಲೆ ನಾಲ್ವರಲ್ಲಿ ಮೂವರು ಮನೆಗೆ. ಆದರೆ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ಅಂತ ಲೆಕ್ಕವಾದರೂ ಇದೆ. ವಿದೇಶಾಂಗ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ತಿಂಗಳಿಗೆ 10,000 ಕೊಡುತ್ತದೆ, ವಿಮಾನದ ಟಿಕೆಟ್ ದುಡ್ಡನ್ನೂ ಕೊಡುತ್ತದೆ. ಹೊಗಳಲೇಬೇಕು. ಮಿಕ್ಕ ಎಷ್ಟೋ ಕಡೆ ಕೊಡುವುದು ಅನುಭವ. ಅನುಭವವನ್ನು ಮುನಿರ್ಕಾದ ಓನರ್ ಬಾಡಿಗೆಗೆ ಮುರಿದುಕೊಳ್ಳುವುದಿಲ್ಲ.

ಅವಳು ಅರ್ಜಿಯ ಜೊತೆ ಕಳಿಸಿದ 1,500 ಪದಗಳನ್ನು ನಾನು ಓದಿದ್ದೇನೆ. ಸಿಯಾಚಿನ್ ಹಿಮನದಿಯ ಬಗ್ಗೆ ಇತ್ತು. ಭಾರತ, ಪಾಕಿಸ್ತಾನ ಮಾಡಿಕೊಂಡ 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮದ ಗೆರೆಯನ್ನು ಊರೂರು ಹೆಸರಿಸುತ್ತ ಬಂದು, ಕೊನೆಗೆ "ಅಲ್ಲಿಂದ ಉತ್ತರಕ್ಕೆ, ಹಿಮನದಿಗಳ ಕಡೆಗೆ" ಅಂತ ಬರೆದು ಪೆನ್ನು ಮುಚ್ಚಿದರು. ಅಷ್ಟೇ. ಆ ಮಂಜಿನಲ್ಲಿ ಯಾರು ಹೋಗಿ ಕೂರುತ್ತಾರೆ ಅಂದುಕೊಂಡರೋ ಏನೋ. 1984ರ ಏಪ್ರಿಲ್ 13ರಿಂದ ನಮ್ಮವರು ಕೂತಿದ್ದಾರೆ. ಗುಂಡಿಗಿಂತ ಚಳಿಗೆ, ಹಿಮಕ್ಕೆ ಸತ್ತವರೇ ಜಾಸ್ತಿ. 2016ರ ಫೆಬ್ರುವರಿಯಲ್ಲಿ 19,600 ಅಡಿ ಎತ್ತರದಲ್ಲಿ ಹತ್ತು ಜನರ ಮೇಲೆ ಹಿಮ ಕುಸಿಯಿತು. ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಆದಮೇಲೂ ಉಸಿರಾಡುತ್ತಿದ್ದ. ಇಡೀ ರಾಜ್ಯ ದೇವರಿಗೆ ಹರಕೆ ಹೊತ್ತಿತು. ಉಳಿಯಲಿಲ್ಲ. ಅದೇ ಹಿಮದಡಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಕೂಡ ಇದ್ದರು. ನಮ್ಮ ಹುಡುಗಿ ಆಗ ಎಂಟನೇ ಕ್ಲಾಸು. ಅವತ್ತಿಂದ ಅವಳಿಗೆ ಈ ಹುಚ್ಚು.

ಒಂದು ಸಾಲನ್ನು ಸರಿಯಾಗಿ ಯೋಚಿಸಿ ಬರೆಯದಿದ್ದರೆ ಏನಾಗುತ್ತದೆ ಅಂತ ಹಾಸನದ ಹುಡುಗಿಗೆ ಗೊತ್ತು. ಯೋಚಿಸುವ ಕೆಲಸಕ್ಕೆ ಅವಳು ಬರಬೇಕಾದರೆ ಅಪ್ಪ ಶುಂಠಿ ಮಾರಬೇಕು. ದೆಹಲಿಯಲ್ಲಿ ಚಿಕ್ಕಪ್ಪನ ಫ್ಲಾಟ್ ಇರುವವರು ಆರಾಮಾಗಿ ಬಂದು ಕೂರುತ್ತಾರೆ, ವರ್ಷ ಬೇಕಾದರೂ ಕೂರುತ್ತಾರೆ. ಸಾಯಲು ಬೆಟದೂರು, ತೇಜೂರು. ಯೋಚಿಸಲು ಚಿಕ್ಕಪ್ಪನ ಫ್ಲಾಟ್. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ.

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ. ರಕ್ಷಣೆಯ ಬಗ್ಗೆ ಓದಲು ಒಂದು ರಾಷ್ಟ್ರೀಯ ವಿಶ್ವವಿದ್ಯಾಲಯ ಬೇಕು ಅಂತ 1967ರಲ್ಲೇ ಮಾತಾಗಿತ್ತು. 2010ರಲ್ಲಿ ಸಂಪುಟ ಒಪ್ಪಿತು. 2013ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಗುರುಗ್ರಾಮದ ಹತ್ತಿರ ಬಿನೋಲಾದಲ್ಲಿ ಅಡಿಗಲ್ಲು ಹಾಕಿದರು. ಇನ್ನೂರು ಎಕರೆಗೂ ಜಾಸ್ತಿ ಜಾಗ. ಕಲ್ಲು ಗಟ್ಟಿಯಾಗಿದೆ.

ಅವಳು ವಾಪಸ್ ಬಂದ ಮೂರು ತಿಂಗಳಿಗೆ ಪ್ರಮಾಣಪತ್ರ ಪಿಡಿಎಫ್ ಆಗಿ ಬಂತು. ಹೆಸರಿನ ಸ್ಪೆಲಿಂಗ್ ತಪ್ಪು. ಸರಿ ಮಾಡಿ ಕಳಿಸಿ ಅಂತ ಮೇಲ್ ಮಾಡಿದಳು. ಸ್ವಲ್ಪ ಕಾಯಬೇಕಂತೆ. ಪ್ರಮಾಣಪತ್ರ ನೋಡಿಕೊಳ್ಳುತ್ತಿದ್ದ ಇಂಟರ್ನ್ ಊರಿಗೆ ಹೋಗಿದ್ದಾನಂತೆ.